ಬೇರೆಯವರ ಹೊಲಕ್ಕೆ ಗೊಬ್ಬರವಾದ ನಾಡು

ಸೂಪರ್ ಫಾಸ್ಫೇಟ್ ಚೀಲ ಹೊತ್ತವರಿಗೆ ಅದರ ತೂಕ ಗೊತ್ತು. ಆ ಗೊಬ್ಬರಕ್ಕಾಗಿ ಒಂದು ನಾಡನ್ನೇ ಬಗೆದು ಹಡಗಿಗೆ ತುಂಬಿದರು ಅನ್ನೋದನ್ನ ನಮಗೆ ಯಾವ ಪಾಠದಲ್ಲೂ ಹೇಳಲಿಲ್ಲ. ಆ ನಾಡು ನೌರು. ಪೆಸಿಫಿಕ್ ಸಾಗರದ ನಡುವೆ ಬರೀ 21 ಚದರ ಕಿಲೋಮೀಟರು.

1888ರಲ್ಲಿ ಜರ್ಮನರು ಅದು ನಮ್ಮದು ಅಂದರು. 1900ರಲ್ಲಿ ಅಲ್ಲಿಯ ಕಲ್ಲು ಫಾಸ್ಫೇಟ್ ಅಂತ ಗೊತ್ತಾಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಒಂದು ಆಯೋಗ ಮಾಡಿಕೊಂಡವು. ಪೇಟೆ ಧಾರಣೆ ಬಿಟ್ಟು, ತೋಡಿ ಸಾಗಿಸಿದ ಖರ್ಚಿಗೇ ಆ ಕಲ್ಲು ಅವರ ರೈತರಿಗೆ ಸಿಕ್ಕಿತು. ನೆಲದವರಿಗೆ ಟನ್ನಿಗೆ ಪೆನ್ನಿ ಲೆಕ್ಕದ ಪುಡಿಗಾಸು.

ಹ್ಯಾಮರ್ ಡಿರಾಬರ್ಟ್ ಈ ದ್ವೀಪದಲ್ಲಿ 1922ರಲ್ಲಿ ಹುಟ್ಟಿದರು. ಆಸ್ಟ್ರೇಲಿಯಾದ ಜೀಲಾಂಗಿನಲ್ಲಿ ಓದಿ ಬಂದು ಮೇಷ್ಟ್ರಾದರು. 1942ರಲ್ಲಿ ಜಪಾನಿನ ಸೈನ್ಯ ಬಂತು. ಕುಷ್ಠರೋಗ ಇದ್ದ 39 ಜನರನ್ನು ಸಮುದ್ರಕ್ಕೆ ಒಯ್ದು ದೋಣಿ ಸಮೇತ ಮುಳುಗಿಸಿದರು. ಮುಟ್ಟಬಾರದವರು ಅಂತ ಒಮ್ಮೆ ಹೆಸರಿಟ್ಟರೆ ಕೊಲ್ಲೋದು ಎಷ್ಟು ಸಲೀಸು ನೋಡಿ. ಉಳಿದವರಲ್ಲಿ ಸುಮಾರು 1,200 ಜನರನ್ನು ದೂರದ ಟ್ರಕ್ ದ್ವೀಪಕ್ಕೆ ಸಾಗಿಸಿ ದುಡಿಸಿದರು. ಅವರೊಳಗೆ ಈ ಮೇಷ್ಟ್ರೂ ಇದ್ದರು. 1946ರ ಜನವರಿ 31ರಂದು ಜೀವಸಹಿತ ಮರಳಿದವರು 737.

1956ರಲ್ಲಿ ಡಿರಾಬರ್ಟ್ ಮುಖ್ಯ ನಾಯಕರಾದರು. ಕಲ್ಲು ಮುಗಿಯುವ ಹೊತ್ತಿಗೆ ಜನರನ್ನೇ ಎತ್ತಿ ಕ್ವೀನ್ಸ್‌ಲೆಂಡ್ ಕರೆಯ ಕರ್ಟಿಸ್ ದ್ವೀಪಕ್ಕೆ ಹಾಕೋಣ ಅನ್ನುವುದು ಆಸ್ಟ್ರೇಲಿಯಾದ ಯೋಜನೆ. ಮನೆ ಕೊಡ್ತೀವಿ, ಪೌರತ್ವ ಕೊಡ್ತೀವಿ ಅಂದರು. ಆಳುವ ಹಕ್ಕು ಕೇಳಿದಾಗ ಪಂಚಾಯಿತಿಯಷ್ಟು ಅಧಿಕಾರ ತೋರಿಸಿದರು. 1964ರಲ್ಲಿ ನೌರು ಜನ ಒಲ್ಲೆ ಅಂದರು. ಗುಳೆ ಎಬ್ಬಿಸುವ ಸರ್ಕಾರ ಯಾವಾಗಲೂ ಮನೆಯ ಮಾತಾಡುತ್ತೆ, ನೆಲದ ಮಾತಾಡುವುದಿಲ್ಲ. ಡಿರಾಬರ್ಟ್‌ಗೆ ಅದು ಚೆನ್ನಾಗಿ ತಿಳಿದಿತ್ತು.

1967ರ ಒಪ್ಪಂದದಲ್ಲಿ ಗಣಿಯ ಯಂತ್ರ, ಕಟ್ಟಡಗಳಿಗೆ 2.1 ಕೋಟಿ ಡಾಲರು ಬೆಲೆ ಕಟ್ಟಿದರು. ತಮ್ಮದೇ ನೆಲವನ್ನು ತೋಡಿದ ಯಂತ್ರಕ್ಕೆ ತಾವೇ ದುಡ್ಡು ತೆರಬೇಕಾಯಿತು. 1968ರಲ್ಲಿ ಸ್ವಾತಂತ್ರ್ಯ. ದಿನ ಮತ್ತೆ ಜನವರಿ 31. ಬದುಕುಳಿದವರು ಮರಳಿದ ದಿನವನ್ನೇ ಆರಿಸಿಕೊಂಡರು. ಡಿರಾಬರ್ಟ್ ಮೊದಲ ಅಧ್ಯಕ್ಷರು. 1976ರಲ್ಲಿ ಇಳಿದರು, 1978ರಲ್ಲಿ ಮತ್ತೆ ಏರಿದರು.

ದುಡ್ಡು ಬಂತು. ಆಗ ಆದಾಯ ತೆರಿಗೆ ಇರಲಿಲ್ಲ, ಸ್ವಂತ ವಿಮಾನಗಳು, ಮೆಲ್ಬರ್ನ್‌ನಲ್ಲಿ 52 ಅಂತಸ್ತಿನ ನೌರು ಹೌಸ್. ಹಾಗಂತ ಕಲ್ಲು ಒಡೆದವರು ಯಾರು? ಗಿಲ್ಬರ್ಟ್, ಎಲಿಸ್ ದ್ವೀಪಗಳಿಂದ, ಚೀನಾ ಕಡೆಯಿಂದ ಕರಾರಿನ ಮೇಲೆ ಬಂದ ಕೂಲಿಗಳು. ಬಿಳಿಯರ ಕಾಲದಲ್ಲೂ ಅವರೇ, ಸ್ವಾತಂತ್ರ್ಯ ಬಂದ ಮೇಲೂ ಅವರೇ. ಅವರಿಗೆ ಬೇರೆ ಕೇರಿ. ಎಷ್ಟು ವರ್ಷ ದುಡಿದರೂ ಅದರಿಂದ ಪೌರತ್ವ ಬರಲಿಲ್ಲ. ನೆಲದ ನ್ಯಾಯವನ್ನು ಅಷ್ಟು ಗಟ್ಟಿಯಾಗಿ ಕೇಳಿದ ಮೇಷ್ಟ್ರು ಬೆವರಿನ ನ್ಯಾಯಕ್ಕೆ ಬಂದಾಗ ಹಳೇ ದಣಿಗಳ ಲೆಕ್ಕವನ್ನೇ ಮುಂದುವರಿಸಿದರು. ನನಗೆ ಇದು ಸಣ್ಣ ತಪ್ಪಾಗಿ ಕಾಣುವುದಿಲ್ಲ.

ಆದರೂ ಹಳೆಯ ಸಾಲವನ್ನು ಅವರು ಮರೆಯಲಿಲ್ಲ. ಸ್ವಾತಂತ್ರ್ಯಕ್ಕೆ ಮುಂಚೆ ದ್ವೀಪದ ಮೂರನೇ ಒಂದು ಪಾಲು ಅಗೆದು ಹಾಳಾಗಿತ್ತು. ಅದನ್ನು ಸರಿಮಾಡಿಕೊಡಿ ಅಂತ 1989ರ ಮೇ ತಿಂಗಳಲ್ಲಿ ನೌರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಆಸ್ಟ್ರೇಲಿಯಾದ ಮೇಲೆ ದಾವೆ ಹೂಡಿತು. ಆಗಸ್ಟಿನಲ್ಲಿ ಡಿರಾಬರ್ಟ್ ಅಧಿಕಾರ ಕಳಕೊಂಡರು. ಈ ದಾವೆ ನಡೆಯಬಾರದು ಎಂದು ಆಸ್ಟ್ರೇಲಿಯಾ ತೆಗೆದ ತಕರಾರುಗಳಲ್ಲಿ ಬಹುಪಾಲನ್ನು ನ್ಯಾಯಾಲಯ 1992ರ ಜೂನ್ 26ರಂದು ತಳ್ಳಿಹಾಕಿತು. ಜುಲೈ 15ಕ್ಕೆ ಅವರು ಮೆಲ್ಬರ್ನ್‌ನಲ್ಲಿ ತೀರಿಕೊಂಡರು.

1993ರಲ್ಲಿ ಆಸ್ಟ್ರೇಲಿಯಾ 10.7 ಕೋಟಿ ಡಾಲರು ಕೊಡಲು ಒಪ್ಪಿ ರಾಜಿಯಾಯಿತು. 2004ರಲ್ಲಿ ಸಾಲಕ್ಕೆ ನೌರು ಹೌಸ್ ಮಾರಿಹೋಯಿತು. ದ್ವೀಪದ ನಡುವೆ, ಮಣ್ಣು ತೋಡಿದ ಜಾಗದಲ್ಲಿ, ಆಳೆತ್ತರ ಮೀರಿದ ಕಲ್ಲುಕಂಬಗಳು ಬಿಸಿಲಿಗೆ ನಿಂತಿವೆ.