ಗದಗ ಬಯಲಿನ ಪ್ರೇಕ್ಷಣೀಯ ತಾಣಗಳು

ಉತ್ತರ ಕರ್ನಾಟಕದ ಗದಗ ಜಿಲ್ಲೆ ಬಹುಪಾಲು ಎರೆಭೂಮಿ. ಗದಗಕ್ಕೆ ಸಮೀಪದ ಲಕ್ಕುಂಡಿ ಇಲ್ಲಿನ ಮುಖ್ಯ ಆಕರ್ಷಣೆ. ಜೈನ ದಾನಿ ಅತ್ತಿಮಬ್ಬೆ ಅಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ 11ನೇ ಶತಮಾನದ ಆರಂಭದ್ದು. ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕುಸುರಿಯನ್ನು ಹತ್ತಿರ ನಿಂತೇ ನೋಡಬೇಕು. ಗುಡಿಗೆ ಬಳಸಿದ ಬಳಪದ ಕಲ್ಲು ಮೆದುವಾದ್ದರಿಂದಲೇ ಉಳಿ ಇಷ್ಟು ಸೂಕ್ಷ್ಮಕ್ಕಿಳಿದಿದೆ. ಮಾಣಿಕೇಶ್ವರ ಗುಡಿಯ ಮಗ್ಗುಲಲ್ಲಿ ಮೆಟ್ಟಿಲುಗಳ ಮುಸುಕಿನ ಬಾವಿಯಿದೆ. ಅವಸರದಲ್ಲಿ ಹೊರಟವರು ಸಾಮಾನ್ಯವಾಗಿ ಇದನ್ನೇ ಬಿಟ್ಟುಬಿಡುತ್ತಾರೆ. ನಕ್ಷತ್ರಾಕಾರದ ತಳವಿನ್ಯಾಸಕ್ಕಾಗಿ ಡಂಬಳದ ದೊಡ್ಡಬಸಪ್ಪ ಗುಡಿ ಪ್ರಸಿದ್ಧ.

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇದು ನೀರಿಗೆ ಮರಳುತ್ತವೆ. 2024ರಲ್ಲಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿ ಸೇರಿತು. ಇದೇ ಜಿಲ್ಲೆಯ, ಔಷಧಿ ಸಸ್ಯಗಳ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಮಳೆಗಾಲದ ಕೊನೆಗೆ ಹಸಿರಾಗಿರುತ್ತದೆ, ಬೇಸಿಗೆಯಲ್ಲಿ ಹೋಗದಿರುವುದೇ ಲೇಸು.