ಕಡೆಗೆ ಬರುವ ‘ಎಸ್’: ವರ್ತಮಾನಕಾಲ ಕಲಿಸಿದ ಬಗೆಗಳು

“ಮೈ ಮದರ್ ವರ್ಕ್ ಇನ್ ಗಾರ್ಮೆಂಟ್ಸ್.”

ಐದನೇ ತರಗತಿಯ ಹುಡುಗಿ ಎದ್ದು ನಿಂತು ಹೀಗೆಂದಳು. ಮೇಡಂ ತಡೆದು, “ವರ್ಕಾ, ವರ್ಕ್ಸಾ?” ಎಂದು ಕೇಳಿದರು. ಹುಡುಗಿ ಸೂರು ನೋಡಿ, ನೆನಪು ಮಾಡಿಕೊಂಡು, “ವರ್ಕ್ಸ್” ಎಂದಳು. ಮುಂದಿನ ವಾಕ್ಯ: “ಶಿ ಗೋ ಇನ್ ಬಸ್.” ನಿಯಮ ಅವಳ ನೋಟ್ಸಿನಲ್ಲಿತ್ತು, ಬಾಯಿಪಾಠವೂ ಆಗಿತ್ತು. ಮಾತಿಗೆ ಮಾತ್ರ ಬರಲಿಲ್ಲ. ಆ ಸಣ್ಣ ಬಾಲ, ‘ಎಸ್’, ಎಲ್ಲಿ ಜಾರಿಹೋಗುತ್ತದೆ? ಸಿಂಪಲ್ ಪ್ರೆಸೆಂಟ್ ಟೆನ್ಸ್ ಕಲಿಸಿದವರೆಲ್ಲ ಈ ಪ್ರಶ್ನೆಯ ಎದುರು ಒಮ್ಮೆಯಾದರೂ ನಿಂತಿದ್ದಾರೆ.

ಮೊದಲು ಬಂದದ್ದು ಕೋಷ್ಟಕ. ‘ಐ ಗೋ, ಯೂ ಗೋ, ಹಿ ಗೋಸ್’ ಎಂದು ರಾಗವಾಗಿ ಹೇಳಿಸುವ ಕ್ರಮ ಲ್ಯಾಟಿನ್ ಕಲಿಸುತ್ತಿದ್ದ ಶಾಲೆಗಳಿಂದ ಬಂದದ್ದು. 1795ರಲ್ಲಿ ಲಿಂಡ್ಲಿ ಮರ್ರೆ ಬರೆದ ಇಂಗ್ಲಿಷ್ ವ್ಯಾಕರಣ ಆ ದಾರಿಯನ್ನು ಗಟ್ಟಿ ಮಾಡಿತು. ನಮ್ಮಲ್ಲಿ 1930ರ ದಶಕದಿಂದೀಚೆಗೆ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕ ಅದನ್ನೇ ಮನೆಮನೆಗೆ ತಲುಪಿಸಿತು. ಲ್ಯಾಟಿನ್‌ನಲ್ಲಿ ಪುರುಷಕ್ಕೊಂದು ರೂಪವಿದೆ, ಕೋಷ್ಟಕಕ್ಕೆ ಅರ್ಥವಿದೆ. ಇಂಗ್ಲಿಷಿನಲ್ಲೂ ಹಿಂದೊಮ್ಮೆ ಬಗೆಬಗೆಯ ಪ್ರತ್ಯಯಗಳಿದ್ದವು. ಅವೆಲ್ಲ ಸವೆದು ಉಳಿದದ್ದು ಒಂದು. ಆ ಒಂದಕ್ಕಾಗಿ ಆರು ಸಾಲು ಉರುಹೊಡೆಸಿದರು.

ಕನ್ನಡದ ಮಗುವಿಗೆ ಇನ್ನೊಂದು ತೊಡಕು. ಕನ್ನಡ ಪೀರಿಯಡ್ಡಿನಲ್ಲಿ ‘ಅವನು, ಅವಳು’ ಪ್ರಥಮ ಪುರುಷ. ಗಂಟೆ ಹೊಡೆದ ಮೇಲೆ, ಇಂಗ್ಲಿಷ್ ಪೀರಿಯಡ್ಡಿನಲ್ಲಿ, ಅದೇ ಅವನು ‘ಥರ್ಡ್ ಪರ್ಸನ್’. ಇದನ್ನು ಬಿಡಿಸಿ ಹೇಳಿದ ಮೇಷ್ಟ್ರನ್ನು ನಾನು ನೋಡಿದ್ದು ಕಡಿಮೆ. ಜೊತೆಗೆ ‘ಬಾಯ್ಸ್ ಪ್ಲೇ’, ‘ಬಾಯ್ ಪ್ಲೇಸ್’: ‘ಎಸ್’ ನಾಮಪದಕ್ಕೆ ಹತ್ತಿದರೆ ಹಲವರು, ಕ್ರಿಯಾಪದಕ್ಕೆ ಹತ್ತಿದರೆ ಒಬ್ಬ. ಮಗು ತಬ್ಬಿಬ್ಬಾದರೆ ಅದರ ತಪ್ಪಲ್ಲ.

ಉರು ಹೊಡೆಸುವುದಕ್ಕೆ ಎದುರಾಗಿ ಎದ್ದವರು ಹೆರಾಲ್ಡ್ ಪಾಮರ್, ಮೈಕೆಲ್ ವೆಸ್ಟ್, ಎ. ಎಸ್. ಹಾರ್ನ್‌ಬಿ. ಪಾಮರ್, ಹಾರ್ನ್‌ಬಿ ಜಪಾನಿನಲ್ಲಿ ದುಡಿದರು. ವೆಸ್ಟ್ ಬಂಗಾಳದಲ್ಲಿ ಮಕ್ಕಳಿಗಾಗಿ ಆಯ್ದ ಪದಗಳ ಪಾಠಪುಸ್ತಕಗಳನ್ನು ಮಾಡಿದರು. ಅವರಂಥವರ ಚಿಂತನೆಯಿಂದ ಬೆಳೆದ ರಚನಾ ಪದ್ಧತಿ 1950ರ ದಶಕದಲ್ಲಿ ಮದ್ರಾಸಿನಲ್ಲಿ ದೊಡ್ಡ ಪ್ರಮಾಣದಲ್ಲಿ ಜಾರಿಗೆ ಬಂತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾದವು. ರಚನಾ ಪದ್ಧತಿಯ ತರಗತಿಯಲ್ಲಿ ಮೇಷ್ಟ್ರು ‘ಐ ಆಮ್ ವಾಕಿಂಗ್ ಟು ದಿ ಡೋರ್’ ಎನ್ನುತ್ತಾ ಬಾಗಿಲವರೆಗೆ ನಡೆಯುವರು. ಮಕ್ಕಳೂ ನಡೆದು, ಅದನ್ನೇ ಹೇಳುವರು. ಮಕ್ಕಳ ಬಾಯಿಂದ ವಾಕ್ಯ ಹೊರಡಿಸಿದ ಪದ್ಧತಿ ಇದು. ಆ ಋಣ ದೊಡ್ಡದು.

ಆದರೆ ಒಂದು ಎಡವಟ್ಟಾಯಿತು. ಕಣ್ಣೆದುರು ಮಾಡಿ ತೋರಿಸಲು ಆಗುವುದು ನಡೆಯುತ್ತಿರುವ ಕೆಲಸವನ್ನು ಮಾತ್ರ. ದಿನಾ ಮಾಡುವುದನ್ನು, ಎಂದಿಗೂ ನಿಜವಾದದ್ದನ್ನು ತರಗತಿಯಲ್ಲಿ ಅಭಿನಯಿಸುವುದು ಹೇಗೆ? ಹಾಗಾಗಿ ‘ಇಂಗ್’ ರೂಪ ಮುಂದೆ ಬಂತು, ಸಿಂಪಲ್ ಪ್ರೆಸೆಂಟ್ ಹಿಂದೆ ಸರಿಯಿತು. ‘ಎವ್ರಿಡೇ ಐ ಆಮ್ ಗೋಯಿಂಗ್ ಟು ಸ್ಕೂಲ್’ ಎಂಬ ವಾಕ್ಯ ನಮ್ಮಲ್ಲಿ ಬೇರೂರಲು ಇದೊಂದೇ ಕಾರಣವಲ್ಲ, ಆದರೆ ಇದೂ ನೀರೆರೆದಿದೆ ಎಂದೇ ನನ್ನ ನಂಬಿಕೆ. ಕನ್ನಡದಲ್ಲಿ ‘ಹೋಗುತ್ತೇನೆ’, ‘ಹೋಗುತ್ತಿದ್ದೇನೆ’ ಎಂಬ ಸ್ಪಷ್ಟ ಜೋಡಿಯಿದೆ. ಒಂದು ನಿಮಿಷ ಕನ್ನಡ ಬಳಸಿದ್ದರೆ ಸಾಕಿತ್ತು. ತರಗತಿಯಲ್ಲಿ ಕನ್ನಡ ಬೇಡವೆಂಬ ಹಟ ಆ ದಾರಿಯನ್ನು ಮುಚ್ಚಿತು.

ತಿರುವು ಬಂದದ್ದು ಇಂಗ್ಲಿಷೇ ತಾಯ್ನುಡಿಯಾದ ಮೂರು ಮಕ್ಕಳಿಂದ. ಅಮೆರಿಕದ ಮನೋವಿಜ್ಞಾನಿ ರೋಜರ್ ಬ್ರೌನ್ ಆ ಮಕ್ಕಳ ಮಾತನ್ನು ದೀರ್ಘಕಾಲ ದಾಖಲಿಸಿ, 14 ವ್ಯಾಕರಣಾಂಶಗಳು ಯಾವ ಕ್ರಮದಲ್ಲಿ ಬರುತ್ತವೆಂದು 1973ರಲ್ಲಿ ಪ್ರಕಟಿಸಿದರು. ‘ಇಂಗ್’ ಎಲ್ಲಕ್ಕಿಂತ ಮೊದಲು. ಬಹುವಚನದ ‘ಎಸ್’ ನಾಲ್ಕನೆಯದು. ಕ್ರಿಯಾಪದದ ‘ಎಸ್’ ಹತ್ತನೆಯದು! ಸದ್ದು ಅದೇ, ಕಾಲ ಬೇರೆ. ಮರುವರ್ಷ ಸಂಶೋಧಕರಾದ ಡುಲೇ ಮತ್ತು ಬರ್ಟ್, ಸ್ಪ್ಯಾನಿಷ್ ಮತ್ತು ಚೀನೀ ಮನೆಮಾತಿನ ಮಕ್ಕಳು ಇಂಗ್ಲಿಷ್ ಕಲಿಯುವಾಗಲೂ ಈ ‘ಎಸ್’ ತಡವಾಗಿಯೇ ಬರುವುದನ್ನು ತೋರಿಸಿದರು. 1984ರಲ್ಲಿ ಮ್ಯಾನ್‌ಫ್ರೆಡ್ ಪೀನೆಮನ್, ಮಗು ಸಿದ್ಧವಾಗುವ ಮೊದಲೇ ಕಲಿಸಿದರೆ ಪಾಠ ಅಂಟುವುದಿಲ್ಲ ಎಂದು ವಾದಿಸಿದರು. ನಾವು ಮೊದಲ ತಿಂಗಳಲ್ಲಿ ಕಲಿಸಿ, ಎರಡನೇ ತಿಂಗಳಲ್ಲಿ ಪರೀಕ್ಷಿಸಿ, ಕೆಂಪು ಗೀಟು ಹಾಕುತ್ತಿದ್ದದ್ದು ಇನ್ನೂ ಮಾಗದ ಕಾಯಿಗೆ.

ಏಕೆ ತಡ? ಕನ್ನಡದಲ್ಲಿ ‘ಹೋಗುತ್ತಾಳೆ’ ಎಂಬ ಒಂದೇ ಪದ ಸಾಕು, ಹೋಗುವವಳು ಹೆಣ್ಣೆಂದು ತಿಳಿಯುತ್ತದೆ. ನಮ್ಮ ಪ್ರತ್ಯಯ ದುಡಿದು ತಿನ್ನುತ್ತದೆ. ಇಂಗ್ಲಿಷಿನಲ್ಲಿ ‘ಶಿ’ ಎಂದು ಮೊದಲೇ ಹೇಳಿಯಾಗಿರುತ್ತದೆ. ‘ಎಸ್’ಗೆ ಕೆಲಸವೇ ಇಲ್ಲ. ಅರ್ಥದ ಬೆನ್ನು ಹತ್ತಿದ ಮಗು ಅದನ್ನು ಬಿಟ್ಟು ಓಡುತ್ತದೆ.

ಅದೇ ಸುಮಾರಿಗೆ, 1979ರಿಂದ 1984ರವರೆಗೆ, ಭಾಷಾಬೋಧನೆಯ ತಜ್ಞ ಎನ್. ಎಸ್. ಪ್ರಭು ಅವರ ಪ್ರಯೋಗ ನಡೆಯಿತು. ಬೆಂಗಳೂರಿನ ಸಂಸ್ಥೆಯ ನಂಟಿನಿಂದ ಜಗತ್ತು ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯಿತು. ವ್ಯಾಕರಣ ಪಾಠವಿಲ್ಲ, ಬಾಯಿಪಾಠವಿಲ್ಲ. ರೈಲಿನ ವೇಳಾಪಟ್ಟಿ, ನಕಾಶೆ, ಲೆಕ್ಕಾಚಾರ ಕೊಟ್ಟು ಮಕ್ಕಳನ್ನು ಯೋಚನೆಗೆ ಹಚ್ಚುವುದು. ಗಮನಿಸಿ: ರೈಲಿನ ವೇಳಾಪಟ್ಟಿಯನ್ನು ಇಂಗ್ಲಿಷಿನಲ್ಲಿ ಓದಿ ಹೇಳುವುದೇ ಸಿಂಪಲ್ ಪ್ರೆಸೆಂಟಿನಲ್ಲಿ. ‘ಯಾವ ರೈಲು ಎಷ್ಟಕ್ಕೆ ಹೊರಡುತ್ತದೆ?’ ಎಂದು ಹತ್ತು ಸಲ ಕೇಳಿದರೆ, ‘ಲೀವ್ಸ್’ ಹತ್ತು ಸಲ ಕಿವಿಗೆ ಬೀಳುತ್ತದೆ. ಯಾರೂ ಅದರ ಹೆಸರೆತ್ತುವುದಿಲ್ಲ. ಪ್ರಭು ಅವರ ಪುಸ್ತಕ 1987ರಲ್ಲಿ ಬಂತು. ಕಾರ್ಯಾಧಾರಿತ ಕಲಿಕೆಯ ಚರ್ಚೆ ಇಂದಿಗೂ ಅದನ್ನು ನೆನೆಯುತ್ತದೆ. ಇಂಥ ತರಗತಿಗೆ ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡುವ ಶಿಕ್ಷಕರು ಬೇಕು. ನಮ್ಮ ಊರ ಶಾಲೆಗಳಲ್ಲಿ ಕೊರತೆ ಅದರದ್ದೇ.

2000ದ ಆಸುಪಾಸಿನಲ್ಲಿ ಜೆನಿಫರ್ ಜೆಂಕಿನ್ಸ್, ಬಾರ್ಬರಾ ಸೀಡಲ್‌ಹೋಫರ್ ಮುಂತಾದವರು, ಬೇರೆ ಬೇರೆ ದೇಶದವರು ಇಂಗ್ಲಿಷಿನಲ್ಲಿ ವ್ಯವಹರಿಸುವಾಗ ಏನೇನು ತೊಡಕಾಗುತ್ತದೆಂದು ನೋಡಿದರು. ‘ಎಸ್’ ಬಿಟ್ಟದ್ದರಿಂದ ಮಾತು ಕೆಡುವುದಿಲ್ಲ ಎಂದು ಸೀಡಲ್‌ಹೋಫರ್ ಬರೆದರು. ಒಪ್ಪುತ್ತೇನೆ, ಆದರೂ ನಮ್ಮ ಮಕ್ಕಳಿಗೆ ಅದನ್ನು ಕಲಿಸದೆ ಬಿಡಿ ಎನ್ನಲಾರೆ. ಕೆಲಸದ ಇಂಟರ್‌ವ್ಯೂನಲ್ಲಿ ಆ ಒಂದು ಅಕ್ಷರದ ಮೇಲೆ ಹಳ್ಳಿಯ ಹುಡುಗಿಯನ್ನು ಅಳೆಯುವವರು ಇನ್ನೂ ಇದ್ದಾರೆ. ಕಲಿಸಬೇಕು, ಕಾಯಲೂ ಬೇಕು.

2007ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. ಅಲ್ಲಿಯವರೆಗೆ ಐದರಿಂದ ಇತ್ತು. ಹಾಗೆಂದು ‘ಎಸ್’ ನಾಲ್ಕು ವರ್ಷ ಮೊದಲೇ ಬಂದುಬಿಡುವುದಿಲ್ಲ. ಆ ವರ್ಷಗಳು ಕೇಳುವುದಕ್ಕೆ, ಕತೆಗೆ, ಆಟಕ್ಕೆ ಸಲ್ಲಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಮನೆಮಾತನ್ನು ಸಂಪನ್ಮೂಲವೆಂದು ಕರೆಯಿತು. ತಡವಾಗಿಯಾದರೂ ಸರಿಯಾದ ಮಾತು.

ಆರಂಭದಲ್ಲಿ ಹೇಳಿದ ಆ ತರಗತಿಯಲ್ಲೇ, ಕೆಲವು ದಿನಗಳ ಮೇಲೆ, ಮೇಡಂ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದರು: ನಾನು ಹೋಗುತ್ತೇನೆ, ಅವಳು ಹೋಗುತ್ತಾಳೆ, ಅವರು ಹೋಗುತ್ತಾರೆ. ಪಕ್ಕದಲ್ಲಿ: ನಾನು ಹೋಗುವುದಿಲ್ಲ, ಅವಳು ಹೋಗುವುದಿಲ್ಲ, ಅವರು ಹೋಗುವುದಿಲ್ಲ. “ಏನು ವ್ಯತ್ಯಾಸ ನೋಡಿ” ಎಂದು ಸುಮ್ಮನೆ ನಿಂತರು. ‘ಶಿ ಡೋಂಟ್ ಗೋ’ ಎಂದು ನಮ್ಮ ಮಕ್ಕಳು ಏಕೆ ಅನ್ನುತ್ತಾರೆಂಬುದು ಅಲ್ಲೇ ಇತ್ತು.

ಗಾರ್ಮೆಂಟ್ಸ್ ತಾಯಿಯ ಮಗಳು ಕೈಯೆತ್ತಿದಳು. “ಮಿಸ್, ‘ಇಲ್ಲ’ ಬಂದ್ರೆ ನಮ್ದ್ರಲ್ಲಿ ಬಾಲನೇ ಇಲ್ಲ. ಇಂಗ್ಲಿಷಲ್ಲಿ ಏನಾಗುತ್ತೆ?”

ಮೇಡಂ ಸೀಮೆಸುಣ್ಣದಿಂದ ‘ಶಿ ಗೋಸ್’, ಅದರ ಕೆಳಗೆ ‘ಶಿ ಡಸ್ ನಾಟ್ ಗೋ’ ಬರೆದು, ‘ಎಸ್’ನ ಸುತ್ತ ಗೆರೆ ಎಳೆದು, ಅಲ್ಲಿಂದ ಕೆಳಗಿನ ಸಾಲಿನ ‘ಡಸ್’ವರೆಗೆ ಒಂದು ಬಾಣ ಹಾಕಿದರು.