ಹಾಲು, ಮೊಟ್ಟೆ ಇಲ್ಲದ ಊಟ ದುಬಾರಿಯೇ? ನಾಲ್ವರ ಮನೆಯ ಕಿರಾಣಿ ಲೆಕ್ಕ

ಹಾಲು, ಮೊಟ್ಟೆ, ಮಾಂಸ ಮೂರನ್ನೂ ಬಿಟ್ಟು ಊಟ ಮಾಡುವುದು ದುಡ್ಡಿದ್ದವರಿಗೆ ಮಾತ್ರ ಸಾಧ್ಯ ಎಂಬ ನಂಬಿಕೆ ಇದೆ. ಬಾದಾಮಿ ಹಾಲು, ಪ್ರೋಟೀನ್ ಪುಡಿಗಳ ಬೆಲೆ ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಇವು ಯಾವುವೂ ಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದಲ್ಲಿ ದಿನವೂ ಉಣ್ಣುವ ಜೋಳದ ರೊಟ್ಟಿ, ಬೇಳೆ, ಕಾಳುಪಲ್ಯ, ಪುಂಡಿಪಲ್ಯ, ಶೇಂಗಾ ಹಿಂಡಿಯನ್ನೇ ಹಿಡಿದು ಲೆಕ್ಕ ಹಾಕೋಣ.

ತಿಂಗಳಿಗೆ ಎಷ್ಟು ಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2024ರ ಮಾರ್ಗಸೂಚಿಯಂತೆ, ದಿನಕ್ಕೆ 2000 ಕಿಲೋ ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಶೇಂಗಾ-ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ, ಸೊಪ್ಪು-ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ ಬೇಕು. ನಾಲ್ವರ ಮನೆಗೆ 30 ದಿನಕ್ಕೆ ಇದು ಹೀಗಾಗುತ್ತದೆ:

• ಜೋಳ, ಸಜ್ಜೆ, ಅಕ್ಕಿ ಸೇರಿ 30 ಕೆಜಿ
• ತೊಗರಿಬೇಳೆ, ಹೆಸರು, ಕಡಲೆ, ಮಡಕಿ ಸೇರಿ ಸುಮಾರು 10 ಕೆಜಿ
• ಶೇಂಗಾ, ಅಗಸಿ, ಗುರೆಳ್ಳು, ಎಳ್ಳು ಸೇರಿ ಸುಮಾರು 4 ಕೆಜಿ
• ಎಣ್ಣೆ ಮೂರೂಕಾಲು ಕೆಜಿ

ಇದೇ ಪಟ್ಟಿಯಲ್ಲಿ 300 ಮಿಲಿ ಹಾಲೂ ಇದೆ. ಅದನ್ನು ಬಿಡುವವರು ಅದರ ಬದಲಿಗೆ ಇನ್ನೊಂದು ಹಿಡಿ ಕಾಳು ಸೇರಿಸಿಕೊಳ್ಳಬೇಕು. ಮಕ್ಕಳು, ಗರ್ಭಿಣಿಯರು, ಹೊಲದಲ್ಲಿ ದುಡಿಯುವವರಿಗೆ ಪ್ರಮಾಣ ಬೇರೆಯಾಗುತ್ತದೆ.

ಬೆಲೆಯನ್ನು ಕೆಜಿಯಲ್ಲಿ ನೋಡಬೇಡಿ

ಕೆಜಿಯ ದರದ ಬದಲು, 10 ಗ್ರಾಂ ಪ್ರೋಟೀನಿಗೆ ಎಷ್ಟು ರೂಪಾಯಿ ಬೀಳುತ್ತದೆ ಎಂದು ನೋಡಿ. ಲೆಕ್ಕಕ್ಕಾಗಿ ಕೆಲವು ದರ ಇಟ್ಟುಕೊಳ್ಳೋಣ. ನಿಮ್ಮ ಅಂಗಡಿಯ ದರ ಹಾಕಿ ಬದಲಿಸಿಕೊಳ್ಳಬಹುದು. 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಕೆಜಿಗೆ 120 ರೂಪಾಯಿ ಎಂದರೆ 10 ಗ್ರಾಂಗೆ ಐದೂವರೆ ರೂಪಾಯಿ. ಶೇಂಗಾ 140 ಇದ್ದರೆ 6 ರೂಪಾಯಿ. ಹಾಲು ಲೀಟರಿಗೆ 50 ಇದ್ದರೆ 16 ರೂಪಾಯಿ. ಬಾದಾಮಿ 900 ಇದ್ದರೆ 50 ರೂಪಾಯಿಯ ಹತ್ತಿರ. ಹಾಲಿನ ಪ್ರೋಟೀನ್ ಹೆಚ್ಚು ಸುಲಭವಾಗಿ ಜೀರ್ಣವಾಗುತ್ತದೆ, ನಿಜ. ಅದನ್ನು ಲೆಕ್ಕಕ್ಕೆ ಹಿಡಿದರೂ ಬೇಳೆಯೇ ಅಗ್ಗ.

ಎಲ್ಲಿ ಲೆಕ್ಕ ತಪ್ಪುತ್ತದೆ?

ಕೈ ಬಿಗಿಯಾದಾಗ ಮೊದಲು ಕಡಿಮೆಯಾಗುವುದು ಬೇಳೆ. ಸಾರು ತೆಳ್ಳಗಾಗುತ್ತದೆ, ಅನ್ನ ಹೆಚ್ಚುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರಿನಲ್ಲಿ ಅಕ್ಕಿಗೆ ಕೊರತೆಯಿಲ್ಲ. ಹೊಟ್ಟೆಯೇನೋ ತುಂಬುತ್ತದೆ, ಆದರೆ 100 ಗ್ರಾಂ ಅಕ್ಕಿಯಲ್ಲಿರುವುದು ಸುಮಾರು 8 ಗ್ರಾಂ ಪ್ರೋಟೀನ್, ಜೋಳದಲ್ಲಿ 10. ಎರಡರಲ್ಲೂ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳು ಅದನ್ನು ತುಂಬಿಕೊಡುತ್ತದೆ. ಎರಡನ್ನೂ ಒಂದೇ ಊಟದಲ್ಲಿ ತಿನ್ನಬೇಕೆಂದಿಲ್ಲ, ಒಂದೇ ದಿನದಲ್ಲಿ ತಿಂದರೆ ಸಾಕು.

ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಪಡಿತರ ಚೀಟಿದಾರರಿಗೆ 2023ರ ಜನವರಿಯಿಂದ ತಲಾ 5 ಕೆಜಿ ಧಾನ್ಯ ಉಚಿತ. ನಾಲ್ವರಿಗೆ 20 ಕೆಜಿ, ಅಂದರೆ ಬೇಕಾದುದರಲ್ಲಿ ಮೂರನೇ ಎರಡು ಪಾಲು. ಅಲ್ಲಿ ಉಳಿದ ದುಡ್ಡು ಬೇಳೆಕಾಳಿಗೇ ಹೋಗಬೇಕು.

ಉಳಿತಾಯ ಎಲ್ಲಿ?

ಲಿಂಗಸುಗೂರು, ಮಸ್ಕಿ ಭಾಗದ ಮಳೆಯಾಶ್ರಿತ ಹೊಲಗಳಲ್ಲಿ ತೊಗರಿ, ಕಡಲೆ, ಜೋಳ ಬೆಳೆಯುತ್ತಾರೆ. ರಾಶಿಯ ಕಾಲದಲ್ಲಿ ಮಾಲು ಹೆಚ್ಚು ಬರುವುದರಿಂದ ದರ ಸಾಮಾನ್ಯವಾಗಿ ಇಳಿಯುತ್ತದೆ. ಆಗ ಕೊಂಡು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಶೇಂಗಾಕ್ಕೆ ತೇವ ತಾಗಬಾರದು. ಬೂಷ್ಟು ಹಿಡಿದ, ಮುರುಟಿದ, ಕಹಿಯಾದ ಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಅಂಥವನ್ನು ಆರಿಸಿ ಎಸೆಯಿರಿ.

ಒಂದು ಖರ್ಚು ಬಿಡುವಂತಿಲ್ಲ

ಹಾಲನ್ನೂ ಬಿಟ್ಟವರಿಗೆ ಸಸ್ಯಗಳಿಂದ ಸಿಗದ ಪೋಷಕಾಂಶವೊಂದಿದೆ, ಅದು ವಿಟಮಿನ್ ಬಿ12. ಇಡ್ಲಿ-ದೋಸೆ ಹಿಟ್ಟು ಹುಳಿಬಂದರೆ ಬಿ12 ಸಿಗುತ್ತದೆ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಇದರ ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು, ಮರೆವು ಬರಬಹುದು. ತಡವಾದರೆ ನರಗಳಿಗಾದ ಹಾನಿ ಸರಿಹೋಗದೆಯೂ ಉಳಿಯಬಹುದು. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಇದನ್ನು ಮುಂದೂಡಲೇಬಾರದು. ಕ್ಯಾಲ್ಸಿಯಂಗೆ ಎಳ್ಳು, ರಾಗಿ, ನುಗ್ಗೆಸೊಪ್ಪು ಇವೆ. ಕಾಳುಪಲ್ಯಕ್ಕೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ.

ಹಾಗಾಗಿ ತಿಂಗಳ ಚೀಟಿ ಬರೆಯುವಾಗ ಬೇಳೆಕಾಳು, ಶೇಂಗಾ, ಬಿ12 ಮಾತ್ರೆ ಮೊದಲು ಬರಲಿ. ಖರ್ಚು ಕಡಿತ ಮಾಡಲೇಬೇಕಾದರೆ ಬಿಸ್ಕತ್ತು, ಚಿಪ್ಸ್, ತಂಪು ಪಾನೀಯದಿಂದ ಶುರುಮಾಡಿ.